ಸುಂಕದವನ ಮುಂದೆ ಸುಖದುಃಖ

ಪ್ರತಿ ಬೇಸಿಗೆಗೂ ವಾಷಿಂಗ್ಟನ್ನಿನಲ್ಲಿ ಒಂದು ಜಾತ್ರೆ ನೆರೆಯುತ್ತಿತ್ತು. ಚೀನಾಕ್ಕೆ 1980ರಲ್ಲಿ ಕೊಟ್ಟ ‘ಪರಮಾಪ್ತ ರಾಷ್ಟ್ರ’ ಪಟ್ಟವನ್ನು, ಅಂದರೆ ಕಡಿಮೆ ಸುಂಕದ ಸವಲತ್ತನ್ನು, ಇನ್ನೊಂದು ವರ್ಷ ಉಳಿಸಬೇಕೆ, ಕಿತ್ತುಕೊಳ್ಳಬೇಕೆ? 1989ರ ಜೂನ್‌ನಲ್ಲಿ ಬೀಜಿಂಗ್‌ನ ಟ್ಯಾಂಕುಗಳು ವಿದ್ಯಾರ್ಥಿಗಳ, ಕಾರ್ಮಿಕರ ಮೇಲೆ ನುಗ್ಗಿದ ಮೇಲೆ ಜಾತ್ರೆಗೆ ರಂಗೇರಿತು. ಸಂಸದರು ಎದೆ ಬಡಿದುಕೊಂಡರು. ಆ ಪಟ್ಟಕ್ಕೆ ಷರತ್ತು ಹಾಕುವ ಮಸೂದೆಗಳನ್ನು 1992ರಲ್ಲಿ ಅಧ್ಯಕ್ಷ ಹಿರಿಯ ಬುಷ್ ಎರಡು ಸಲ ವಿಟೊ ಮಾಡಿದರು. ಸೆನೆಟ್ ಎರಡು ಸಲವೂ ಆ ವಿಟೊ ಮುರಿಯಲಾಗದೆ ಕೂತಿತು.

ಆಮೇಲೆ ಕ್ಲಿಂಟನ್ ಬಂದರು. ಬುಷ್ ಸರ್ವಾಧಿಕಾರಿಗಳನ್ನು ಮುದ್ದಿಸುತ್ತಾರೆಂದು ಚುನಾವಣೆಯಲ್ಲಿ ಗುಡುಗಿದ್ದ ಈ ಮಹಾಶಯರು 1993ರ ಮೇ ತಿಂಗಳಲ್ಲಿ ವ್ಯಾಪಾರಕ್ಕೂ ಮಾನವ ಹಕ್ಕಿಗೂ ಗಂಟು ಹಾಕಿದರು. ಮರುವರ್ಷ ಅದೇ ಮೇನಲ್ಲಿ ತಾವೇ ಬಿಚ್ಚಿದರು. ಚೀನಾ ಹೇಳಿಕೊಳ್ಳುವಷ್ಟು ಸುಧಾರಿಸಿಲ್ಲ ಎಂದು ಒಪ್ಪಿಕೊಂಡೇ ಬಿಚ್ಚಿದರು! ವಿಮಾನ ಮಾರುವವರ, ಗೋಧಿ ಮಾರುವವರ ದನಿಯ ಮುಂದೆ ಜೈಲಿನೊಳಗಿನ ದನಿ ಯಾವ ಲೆಕ್ಕ?

‘ಪರಮಾಪ್ತ’ ಅನ್ನುವುದು ಕಿವಿಗೆ ಚುಚ್ಚುತ್ತದೆಂದು 1998ರಲ್ಲಿ ‘ಸಾಮಾನ್ಯ ವ್ಯಾಪಾರ ಸಂಬಂಧ’ ಎಂದು ನಾಮಕರಣ ಮಾಡಿದರು. ಹೌದಲ್ಲ, ಗುಂಡಿಟ್ಟವನ ಜೊತೆ ವ್ಯಾಪಾರ ಅವರಿಗೆ ಸಾಮಾನ್ಯವೇ. 2000ದಲ್ಲಿ ಕೆಳಮನೆ 237–197 ಮತಗಳಿಂದ ಅದನ್ನು ಕಾಯಂ ಮಾಡಲು ಒಪ್ಪಿತು. ಜಾತ್ರೆ ಮುಗಿಯಿತು. ಅಗ್ಗದ ಕೂಲಿ ಹುಡುಕಿ ಕಾರ್ಖಾನೆಗಳು ಹೊರಟವು; ಅಮೆರಿಕದ ಕಾರ್ಮಿಕ ಬೀದಿಗೆ ಬಿದ್ದ, ಚೀನಾದ ಕಾರ್ಮಿಕನಿಗೆ ಸ್ವತಂತ್ರ ಸಂಘ ಕಟ್ಟುವ ಹಕ್ಕು ಇಂದಿಗೂ ಇಲ್ಲ.

ರಷ್ಯಾದ ಕತೆಯೂ ಇಷ್ಟೇ. ಉಕ್ರೇನ್ ಮೇಲಿನ ದಾಳಿಗೆ 2022ರ ಏಪ್ರಿಲ್‌ನಲ್ಲಿ ಸೆನೆಟ್ 100–0 ಮತಗಳಿಂದ ಅದರ ವ್ಯಾಪಾರ ಸ್ಥಾನಮಾನ ಕಿತ್ತುಕೊಂಡಿತು. ತಮ್ಮ ರಿಯಾಕ್ಟರುಗಳಿಗೆ ಬೇಕಾದ ರಷ್ಯಾದ ಯುರೇನಿಯಂ ಮಾತ್ರ ಬರುತ್ತಲೇ ಇತ್ತು. ಅದಕ್ಕೆ ನಿಷೇಧ ಬಂದದ್ದು 2024ರಲ್ಲಿ, ಅದೂ ವಿನಾಯಿತಿಯ ಕಿಂಡಿ ಬಿಟ್ಟು.

ಈಗ ಮತ್ತೆ ಚೀನಾದ ಸರದಿ. 2025ರ ಜನವರಿಯಲ್ಲಿ ಎರಡೂ ಪಕ್ಷದವರು ಸೇರಿ ತಂದ ಮಸೂದೆ ಆ ಕಾಯಂ ಸ್ಥಾನಮಾನ ತೆಗೆದು ಕನಿಷ್ಠ 35%, ಆಯಕಟ್ಟಿನ ಸರಕಿಗೆ 100% ಸುಂಕ ಹೇರಬೇಕೆನ್ನುತ್ತದೆ. ಬಂದ ದುಡ್ಡಿನಲ್ಲಿ ಅಮೆರಿಕದ ರೈತರಿಗೆ ನಷ್ಟಭರ್ತಿಯಂತೆ, ಮದ್ದುಗುಂಡಿನ ಖರೀದಿಯಂತೆ. ಚೀನಾದ ದೊರೆಗಳ ಪರ ವಕಾಲತ್ತು ನನ್ನದಲ್ಲ, ಅವರ ಕೈಯ ರಕ್ತ ತೊಳೆದು ಹೋಗುವಂಥದ್ದಲ್ಲ. ಆದರೆ ಆ ರಕ್ತವನ್ನು ತೂಕದ ಕಲ್ಲು ಮಾಡಿಕೊಂಡವರು ನ್ಯಾಯದ ಮಾತಾಡಿದರೆ ಮೈ ಉರಿಯುತ್ತದೆ.

1989ರ ಆ ಜೂನ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ‘ತಿಯಾನನ್‌ಮೆನ್ ತಾಯಂದಿರು’ ಕೇಳಿದ್ದು ಸತ್ಯ, ಪರಿಹಾರ, ತಪ್ಪಿತಸ್ಥರ ವಿಚಾರಣೆ. ಹಲವರು ಅದನ್ನು ಕೇಳುತ್ತಲೇ ತೀರಿಕೊಂಡರು. ಉಳಿದವರ ಮನೆಬಾಗಿಲಲ್ಲಿ ಪ್ರತಿ ಜೂನ್‌ಗೆ ಪೊಲೀಸರು ಕಾವಲು ಕೂರುತ್ತಾರೆ.