ಅನುಮಾನ ಬಗೆಹರಿಯುವ ತನಕ ಹಾರಿಸಬೇಡಿ

ಮೂರು ಸಲ ಹೇಳಿದ್ದರು. 2010ರ ಮೇ 22ರ ಬೆಳಿಗ್ಗೆ ಆರು ಗಂಟೆ ಆಗಷ್ಟೇ ದಾಟಿತ್ತು. ದುಬೈಯಿಂದ ಬಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಸಹಪೈಲಟ್ ಎಚ್.ಎಸ್. ಅಹ್ಲುವಾಲಿಯಾ, ಈಗ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಕ್ಯಾಪ್ಟನ್‌ಗೆ ಮೂರು ಸಲ ಸೂಚಿಸಿದ್ದರು. ನೆಲ ಹತ್ತಿರವಾಗುತ್ತಿದೆ ಎಂದು ಎಚ್ಚರಿಸುವ ಯಂತ್ರವೂ ಕೂಗುತ್ತಲೇ ಇತ್ತು. ದಾರಿಯಲ್ಲಿ 1 ಗಂಟೆ 40 ನಿಮಿಷ ನಿದ್ದೆ ಹೋಗಿದ್ದ ಕ್ಯಾಪ್ಟನ್ ಕೇಳಲಿಲ್ಲ. 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೆ ಬಿದ್ದ ಮೇಲೆ ಚಕ್ರ ನೆಲ ಮುಟ್ಟಿತು. ವಿಮಾನ ತುದಿ ದಾಟಿತು, ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು, ಕೆಂಜಾರಿನ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು.

ಆ ಬೆಳಗನ್ನು ಕಂಡ ಊರಿಗೆ ಒಂದು ವಿಷಯದಲ್ಲಿ ಗಟ್ಟಿಯಾಗಿ ಮಾತಾಡುವ ಹಕ್ಕಿದೆ, ಹೊಣೆಯೂ ಇದೆ. ಪ್ರಯಾಣಿಕ ವಿಮಾನದ ಒಂದು ಮಾದರಿ ಬಿದ್ದು ಜನ ಸತ್ತಾಗ, ಅದೇ ಮಾದರಿಯ ಉಳಿದ ವಿಮಾನಗಳನ್ನು ಹಾರಲು ಬಿಡಬೇಕೇ, ನೆಲದ ಮೇಲೆ ನಿಲ್ಲಿಸಬೇಕೇ? ದೋಷ ಯಂತ್ರದಲ್ಲಿರಬಹುದು ಎಂಬ ಅನುಮಾನಕ್ಕೆ ಆಧಾರ ಸಿಕ್ಕಿದ ಗಳಿಗೆಯಿಂದ ನಿಲ್ಲಿಸಲೇಬೇಕು ಎಂದು ನಾನು ನಂಬಿದ್ದೇನೆ. ಆ ಅನುಮಾನ ತಪ್ಪೆಂದು ಸಾಬೀತು ಮಾಡುವ ಹೊರೆ ತಯಾರಕರ ಮೇಲಿರಬೇಕು. ಅನುಮಾನ ಸರಿಯಿತ್ತು ಎಂದು ತೋರಿಸಿಕೊಡಲು ಇನ್ನೊಂದಿಷ್ಟು ಜನ ಸಾಯಬೇಕಾದ ಸ್ಥಿತಿ ಬರಬಾರದು.

ನಮ್ಮ ಮಂಗಳೂರಿನ ದುರಂತದ ನಂತರ ಬೋಯಿಂಗ್ 737-800 ಮಾದರಿಯನ್ನು ಯಾರೂ ನಿಲ್ಲಿಸಲಿಲ್ಲ. ಅದು ಸರಿಯಾದ ತೀರ್ಮಾನವೇ ಆಗಿತ್ತು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ನ್ಯಾಯಾಲಯಕ್ಕೆ ಯಂತ್ರದಲ್ಲಿ ದೋಷ ಕಾಣಲಿಲ್ಲ. ಹದ ತಪ್ಪಿದ ಇಳಿತವನ್ನು ಕ್ಯಾಪ್ಟನ್ ಕೈಬಿಡದೇ ಇದ್ದದ್ದೇ ಮುಖ್ಯ ಕಾರಣ ಎಂದು ಅದು ಹೇಳಿತು. ಆದರೆ ಆ ವರದಿಯಲ್ಲಿ ಇನ್ನೂ ಕೆಲವು ಸಂಗತಿಗಳಿದ್ದವು, ಅವನ್ನು ನಾವು ಬೇಗ ಮರೆತೆವು. ಮಂಗಳೂರಿನ ರಾಡಾರ್ ಮೇ 20ರಿಂದಲೇ ಕೆಟ್ಟಿತ್ತು, ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ರನ್‌ವೇಯ ತುದಿಯಲ್ಲಿದ್ದ ಸುರಕ್ಷತಾ ಜಾಗ 90 ಮೀಟರ್ ಮಾತ್ರ. ಅಂತಾರಾಷ್ಟ್ರೀಯ ಶಿಫಾರಸು 240 ಮೀಟರ್. ಸತ್ತ ಪೈಲಟ್ ಒಬ್ಬನ ಹೆಸರು ಸಿಕ್ಕ ಕೂಡಲೇ ಬದುಕಿರುವ ಎಲ್ಲರೂ ಕೈತೊಳೆದುಕೊಳ್ಳುವ ಅಭ್ಯಾಸ ಈ ಉದ್ಯಮದಲ್ಲಿ ಬೇರೂರಿದೆ. ಮಾದರಿಯೊಂದನ್ನು ನಿಲ್ಲಿಸುವ ಪ್ರಶ್ನೆ ಎದ್ದಾಗಲೆಲ್ಲ ಮೊದಲು ಅಡ್ಡ ಬರುವುದೂ ಇದೇ ಅಭ್ಯಾಸ.

ನಿಲ್ಲಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ವಿಮಾನ ಹೊಚ್ಚಹೊಸದು, ಮಾದರಿಯೂ ಹೊಸದು. ಪೈಲಟ್‌ನ ಕೈಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಕೂತಿದ್ದ ಆ ಕಾಕ್‌ಪಿಟ್ ಜಗತ್ತಿಗೇ ಹೊಸತು. ಕೇಂದ್ರ ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನೆಲ್ಲ ನೆಲಕ್ಕಿಳಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ಎಂಜಿನ್ ತೀರಾ ಕಡಿಮೆ ಶಕ್ತಿಯಲ್ಲಿ ಓಡುವ ಸ್ಥಿತಿಗೆ ವಿಮಾನ ಹೋಗಿತ್ತು, ವೇಗ ಕುಸಿಯುತ್ತಿದ್ದದ್ದನ್ನು ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂಬುದು ಹೊರಬಂತು. ತಿಂಗಳುಗಳ ನಂತರ ಎ320ಗಳು ಮತ್ತೆ ಹಾರಿದವು, ಇಂದಿಗೂ ಹಾರುತ್ತಿವೆ. ಬಜ್ಪೆಯಿಂದ ಬೆಂಗಳೂರಿಗೆ, ಮುಂಬೈಗೆ ನಾವು ಹತ್ತುವುದು ಹೆಚ್ಚಾಗಿ ಅದೇ ಕುಟುಂಬದ ವಿಮಾನಗಳನ್ನು.

ಯಂತ್ರದಲ್ಲಿ ದೋಷವಿರಲಿಲ್ಲ ಎಂದಾದರೆ ಆ ತಿಂಗಳುಗಳೆಲ್ಲ ದಂಡವೇ? ಆಗಲೂ ಈ ಮಾತು ಕೇಳಿತ್ತು, ಈಗಲೂ ಕೇಳುತ್ತದೆ. ಖಂಡಿತ ದಂಡವಲ್ಲ. ಅಪಘಾತದ ಮರುದಿನ ಯಾರಿಗೂ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಹೊತ್ತಿನಲ್ಲಿ ಮತ್ತೊಂದು ಎ320ಯಲ್ಲಿ 146 ಜನರನ್ನು ಕೂರಿಸಿ ಕಳಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಅದನ್ನು ಸರ್ಕಾರ ಒಪ್ಪಿಕೊಂಡಿತು. ಪೈಲಟ್‌ಗಳಿಗೆ ಆ ಕಾಕ್‌ಪಿಟ್ ಎಷ್ಟು ಅರ್ಥವಾಗಿದೆ ಎಂದು ಕೇಳಿಕೊಳ್ಳಲು ಸಮಯ ಸಿಕ್ಕಿದ್ದೂ ಆಗಲೇ.

ನಿಲ್ಲಿಸದೆ ಹೋದರೆ ಏನಾಗುತ್ತದೆ ಎಂಬುದನ್ನು ಜಗತ್ತು 2018-19ರಲ್ಲಿ ಕಂಡಿತು. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಜಾವಾ ಸಮುದ್ರಕ್ಕೆ ಬಿತ್ತು, 189 ಸಾವು. ಕ್ಯಾಪ್ಟನ್ ನಮ್ಮ ದೆಹಲಿಯ ಹುಡುಗ. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ವ್ಯವಸ್ಥೆ ಒಂದೇ ಒಂದು ಸಂವೇದಕವನ್ನು ನಂಬಿ ಕೆಲಸ ಮಾಡುತ್ತಿತ್ತು. ಆ ಸಂವೇದಕ ಸುಳ್ಳು ಹೇಳಿದರೆ ಮೂತಿ ಮತ್ತೆ ಮತ್ತೆ ಕೆಳಗಾಗುತ್ತಿತ್ತು. ಇಂಥದೊಂದು ವ್ಯವಸ್ಥೆ ಇದೆ ಎಂದು ಪೈಲಟ್‌ಗಳ ಕೈಪಿಡಿಯಲ್ಲೇ ಬರೆದಿರಲಿಲ್ಲ. ಹಿಂದಿನ ದಿನ ಅದೇ ವಿಮಾನಕ್ಕೆ ಅದೇ ತೊಂದರೆ ಬಂದಿತ್ತು. ಕಾಕ್‌ಪಿಟ್‌ನಲ್ಲಿ ಕೂತಿದ್ದ ಮೂರನೆಯ ಪೈಲಟ್ ಒಬ್ಬರು ದಾರಿ ತೋರಿಸಿದ್ದರಿಂದ ಅಂದಿನವರು ಬದುಕಿದ್ದರು.

ಅಪಘಾತವಾಗಿ ಎರಡು ತಿಂಗಳು ಕಳೆಯುವುದರೊಳಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯೇ ಒಳಗೊಳಗೆ ಲೆಕ್ಕ ಹಾಕಿತ್ತು. ದೋಷ ಸರಿಪಡಿಸದಿದ್ದರೆ ಈ ಮಾದರಿಯ ಇಡೀ ಆಯುಷ್ಯದಲ್ಲಿ ಸುಮಾರು 15 ಮಾರಕ ಅಪಘಾತಗಳು ಆಗಬಹುದು ಎಂದು ಆ ಲೆಕ್ಕ ಹೇಳಿತು. ಅದನ್ನು ಓದಿದವರು ಕಚೇರಿಯಲ್ಲಿ ಕೂತಿದ್ದರು, ವಿಮಾನಗಳು ಹಾರುತ್ತಲೇ ಇದ್ದವು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ಮ್ಯಾಕ್ಸ್ ಆಡಿಸ್ ಅಬಾಬಾದಿಂದ ಏರಿ ಕೆಲವೇ ನಿಮಿಷಗಳಲ್ಲಿ ಹೊಲಕ್ಕೆ ಬಿತ್ತು. 157 ಸಾವು, ಅವರಲ್ಲಿ ನಾಲ್ವರು ಭಾರತೀಯರು. ಕಾರಣ ಅದೇ. ಆ 157 ಜನರ ಸಾವನ್ನು ತಪ್ಪಿಸಬಹುದಿತ್ತು ಎಂದು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ನಾಲ್ಕೂವರೆ ತಿಂಗಳ ಸಮಯವಿತ್ತು. ಲೆಕ್ಕ ಮೇಜಿನ ಮೇಲಿತ್ತು.

ಚೀನಾ ಮರುದಿನವೇ ಮ್ಯಾಕ್ಸ್ ನಿಲ್ಲಿಸಿತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾರ್ಚ್ 12ರ ರಾತ್ರಿ ನಿಲ್ಲಿಸಿತು. ವಿಮಾನ ತಯಾರಿಸಿದ ದೇಶ ಅಮೆರಿಕ 13ರ ತನಕ ಕಾಯಿತು. ನಮ್ಮವರು ಬೋಯಿಂಗ್‌ನ ಭರವಸೆಗೆ ಕಾಯದೆ ತೀರ್ಮಾನ ತೆಗೆದುಕೊಂಡದ್ದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಮತ್ತೆ ಹಾರಲು ಭಾರತ ಅನುಮತಿ ಕೊಟ್ಟದ್ದು 2021ರ ಆಗಸ್ಟ್‌ನಲ್ಲಿ, ತಂತ್ರಾಂಶ ಬದಲಾಗಿ ಪೈಲಟ್‌ಗಳಿಗೆ ಹೊಸ ತರಬೇತಿ ಆದ ಮೇಲೆ.

ಕಾರಣ ತಿಳಿಯುವ ಮೊದಲೇ ಆತುರದಿಂದ ಹಾರಿಸಿದ ಕಥೆ ಇನ್ನೂ ಹಳೆಯದು. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ 1953ರ ಮೇ ತಿಂಗಳಲ್ಲಿ ಕಲ್ಕತ್ತಾದಿಂದ ಏರಿದ ಸ್ವಲ್ಪ ಹೊತ್ತಿಗೆ ಆಕಾಶದಲ್ಲೇ ಒಡೆಯಿತು, 43 ಜನ ಸತ್ತರು. ತಪ್ಪು ಬಿರುಗಾಳಿಯ ಮೇಲೆ ಹೋಯಿತು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಒಡೆದಾಗ ವಿಮಾನಗಳನ್ನು ನಿಲ್ಲಿಸಿದರು. ಕಾರಣ ಸಿಕ್ಕಿರಲಿಲ್ಲ, ಕೆಲವು ಬದಲಾವಣೆ ಮಾಡಿ ಮಾರ್ಚ್‌ನಲ್ಲಿ ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ಮೂರನೆಯದು ಬಿತ್ತು. ಆಮೇಲೆಯೇ ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಿದರು, ಲೋಹ ದಣಿದು ಬಿರಿಯುತ್ತಿತ್ತು ಎಂದು ಕಂಡುಕೊಂಡರು. ನಿಲ್ಲಿಸುವ ಧೈರ್ಯ ಅವರಿಗಿತ್ತು. ನಿಲ್ಲಿಸಿಯೇ ಇರುವ ತಾಳ್ಮೆ ಇರಲಿಲ್ಲ.

ಈಗ ನಮ್ಮ ಕಡೆಯ ಕಷ್ಟವನ್ನೂ ಹೇಳಬೇಕು. ಬಜ್ಪೆಯಿಂದ ಗಲ್ಫ್‌ಗೆ ಹೋಗುವವರಲ್ಲಿ ರಜೆ ಮುಗಿಸಿ ನಿಗದಿತ ದಿನ ಕೆಲಸಕ್ಕೆ ಹಾಜರಾಗದಿದ್ದರೆ ಕೆಲಸವನ್ನೇ ಕಳೆದುಕೊಳ್ಳುವವರಿದ್ದಾರೆ. ಮಾದರಿಯೊಂದು ನಿಂತರೆ ಸೀಟು ಕಡಿಮೆಯಾಗುತ್ತದೆ, ಟಿಕೆಟ್ ದರ ಏರುತ್ತದೆ. ಉಳ್ಳಾಲದ ಡ್ರೈವರ್‌ಗೂ ಭಟ್ಕಳದ ಅಂಗಡಿ ಹುಡುಗನಿಗೂ ಅದು ಸಣ್ಣ ಹೊಡೆತವಲ್ಲ. ಇನ್ನೊಂದು ವಾದವೂ ಇದೆ: ಬೆಂಗಳೂರಿನ ವಿಮಾನ ರದ್ದಾದರೆ ಜನ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುತ್ತಾರೆ, ರಸ್ತೆಯಲ್ಲಿ ಸಾಯುವ ಸಾಧ್ಯತೆ ಆಕಾಶಕ್ಕಿಂತ ಹೆಚ್ಚು. ಲೆಕ್ಕ ನಿಜ. ಆದರೆ ಬಸ್ಸಿನ ಬ್ರೇಕ್‌ನಲ್ಲಿ ತಯಾರಿಕಾ ದೋಷವಿದೆ ಎಂದು ಗೊತ್ತಾದ ಮೇಲೂ ಓಡಿಸುವ ಕಂಪನಿಯನ್ನು ನಾವು ಕ್ಷಮಿಸುತ್ತೇವೆಯೇ? ನಿಲ್ಲಿಸುವುದರಿಂದ ಆಗುವ ನಷ್ಟವನ್ನು ಬಡ ಪ್ರಯಾಣಿಕನ ಹೆಗಲ ಮೇಲೆ ಹಾಕಿ, ಆಮೇಲೆ ಅವನ ಕಷ್ಟವನ್ನೇ ಹಾರಿಸಲು ನೆಪ ಮಾಡುವುದು ಅನ್ಯಾಯ. ಆ ನಷ್ಟ ತಯಾರಕರದ್ದು. ಬೋಯಿಂಗ್ ಮ್ಯಾಕ್ಸ್ ಪ್ರಕರಣದಲ್ಲಿ 2021ರಲ್ಲಿ ಅಮೆರಿಕ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 250 ಕೋಟಿ ಡಾಲರ್‌ಗೂ ಹೆಚ್ಚು. ಅದರ ದೊಡ್ಡ ಪಾಲು ವಿಮಾನಯಾನ ಕಂಪನಿಗಳಿಗೆ ಪರಿಹಾರವಾಗಿ ಹೋಗುವಂಥದ್ದು. ಪರ್ಯಾಯ ಸೀಟು ಕೊಡಲು, ವೀಸಾ ಅವಧಿ ಮುಗಿಯುವವರನ್ನು ಮೊದಲು ಕಳಿಸಲು ಹಣದ ಕೊರತೆ ಇಲ್ಲ. ಇನ್ನು ಸತ್ತವರ ಮನೆಯವರ ಲೆಕ್ಕ ನೋಡಿ: ಮಂಗಳೂರು ದುರಂತದಲ್ಲಿ ಯಜಮಾನನನ್ನು ಕಳೆದುಕೊಂಡ ಒಂದು ಕುಟುಂಬ ಸರಿಯಾದ ಪರಿಹಾರಕ್ಕಾಗಿ 2020ರ ತನಕ, ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು.

ಸಾವು ಆಗುವ ಮೊದಲೇ ನಿಲ್ಲಿಸಲು ಸಾಧ್ಯ ಎಂಬುದಕ್ಕೂ ಸಾಕ್ಷಿ ಇದೆ. 2013ರ ಜನವರಿಯಲ್ಲಿ ಬೋಯಿಂಗ್ 787ರ ಬ್ಯಾಟರಿಗಳು ಸುಟ್ಟಾಗ, ಒಬ್ಬರೂ ಸಾಯದಿದ್ದರೂ, ಏರ್ ಇಂಡಿಯಾದ್ದೂ ಸೇರಿ ಜಗತ್ತಿನ ಎಲ್ಲ 787ಗಳು ನಿಂತವು. 2018ರ ಮಾರ್ಚ್‌ನಲ್ಲಿ ಎಂಜಿನ್ ತೊಂದರೆ ಇದ್ದ ಇಂಡಿಗೋ ಮತ್ತು ಗೋಏರ್‌ನ 11 ಎ320 ನಿಯೋ ವಿಮಾನಗಳನ್ನು ಡಿಜಿಸಿಎ ಒಂದೇ ದಿನದಲ್ಲಿ ನಿಲ್ಲಿಸಿತು.

ಅದೇ ಎಚ್ಚರ ಎಲ್ಲೆಡೆ ಇರಲಿಲ್ಲ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾದ 787 ಬಿದ್ದು 260 ಜನ ಸತ್ತರು. ಏರಿದ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಕಡಿತದ ಸ್ಥಾನಕ್ಕೆ ಹೋಗಿದ್ದವು ಎಂದು ಪ್ರಾಥಮಿಕ ವರದಿ ಹೇಳಿತು. ಅಂಥ ಸ್ವಿಚ್‌ಗಳ ಬೀಗ ಸಡಿಲವಿರಬಹುದು, ಪರೀಕ್ಷಿಸಿ ಎಂದು 2018ರಲ್ಲೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಸಲಹೆ ಕೊಟ್ಟಿತ್ತು. ಕಡ್ಡಾಯವಲ್ಲದ ಕಾರಣ ಆ ಪರೀಕ್ಷೆ ನಡೆದಿರಲಿಲ್ಲ. ಅಪಘಾತಕ್ಕೆ ಅದೇ ಕಾರಣ ಎಂದು ವರದಿ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ವರದಿ ಬಂದ ಮೇಲೆ ಡಿಜಿಸಿಎ ಕೆಲವೇ ದಿನಗಳ ಗಡುವು ಕೊಟ್ಟು ಮಾಡಿಸಿದ ಆ ಪರೀಕ್ಷೆಯನ್ನು ಏಳು ವರ್ಷ ಮೊದಲೇ ಮಾಡಿಸಲು ಏನು ಅಡ್ಡಿಯಿತ್ತು? ಪ್ರಾಥಮಿಕ ವರದಿಯ ನಾಲ್ಕು ಸಾಲು ಹಿಡಿದು ಸತ್ತ ಪೈಲಟ್‌ಗಳನ್ನು ಟಿವಿಯಲ್ಲಿ ವಿಚಾರಣೆ ಮಾಡಿದವರು ಮೊದಲು ಇದಕ್ಕೆ ಉತ್ತರಿಸಲಿ.

ಮಂಗಳೂರಿನವರೇ, ಉಡುಪಿ, ಕಾಸರಗೋಡು, ಭಟ್ಕಳದವರೇ, ಈ ಮಾತು ನಮಗೂ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಮೋಡ ಕವಿದು ವಿಮಾನ ಬಜ್ಪೆಯಲ್ಲಿ ಇಳಿಯದೆ ಬೆಂಗಳೂರಿಗೋ ಕೊಚ್ಚಿಗೋ ಹೋದಾಗ ಗಗನಸಖಿಯ ಮೇಲೆ ಕೂಗಾಡುವವರು ಯಾರು? ನಾವೇ. ಮಂಗಳೂರಿನ ದುರಂತವಾಗಿ ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ನಮ್ಮದರಂತೆಯೇ ಗುಡ್ಡದ ನೆತ್ತಿ ಕಡಿದು ಮಾಡಿದ ಕೋಯಿಕ್ಕೋಡ್‌ನ ರನ್‌ವೇಯಲ್ಲಿ ಅದೇ ಕಂಪನಿಯ ಅದೇ ಮಾದರಿಯ ವಿಮಾನ ಮಳೆಯಲ್ಲಿ ತುದಿ ದಾಟಿ ಕೆಳಗೆ ಬಿದ್ದು 21 ಜನ ಸತ್ತರು. ಅದಕ್ಕೂ ಮೊದಲು, 2011ರಲ್ಲೇ, ಆ ರನ್‌ವೇ ಅಪಾಯಕಾರಿ ಎಂದು ವಿಮಾನ ಸುರಕ್ಷತಾ ತಜ್ಞ ಕ್ಯಾಪ್ಟನ್ ಮೋಹನ್ ರಂಗನಾಥನ್ ಲಿಖಿತವಾಗಿ ಎಚ್ಚರಿಸಿದ್ದರು. ಇಳಿಸದೆ ವಾಪಸ್ ಹೋದ ಪೈಲಟ್‌ಗೆ ಇನ್ನು ಮುಂದೆ ಕೈಮುಗಿಯಿರಿ. ವಿಮಾನ ಸರಿಯಿಲ್ಲ ಎಂದು ಸಹಿ ಹಾಕಲು ನಿರಾಕರಿಸುವ ಎಂಜಿನಿಯರ್ ನಿಮ್ಮ ಮನೆಯಲ್ಲಿದ್ದರೆ ಅವರ ಬೆನ್ನಿಗೆ ನಿಲ್ಲಿರಿ. ಅವರ ಮೇಲೆ ಬೀಳುವ ಒತ್ತಡ ನಮಗೆ ಕಾಣುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡಿನ ಸಂಸದರು ಪಕ್ಷ ಮರೆತು ಒಟ್ಟಿಗೆ ಲೋಕಸಭೆಯಲ್ಲಿ ಕೇಳಬೇಕಾದದ್ದು ಇದೆ. ಒಂದು ಮಾದರಿಯ ಅಪಘಾತದಲ್ಲಿ ಯಂತ್ರದ ದೋಷದ ಸುಳಿವು ಸಿಕ್ಕ ಕೂಡಲೇ ಆ ಮಾದರಿ ನಿಲ್ಲಬೇಕು. ನಿಲ್ಲಿಸದಿದ್ದರೆ ಯಾಕೆ ಎಂದು ಡಿಜಿಸಿಎ ಸಹಿ ಹಾಕಿ ಹೇಳಬೇಕು, ಹೇಳಿದವರ ಹೆಸರು ಜನರಿಗೆ ತಿಳಿಯಬೇಕು. ಸುರಕ್ಷತೆಯ ಸಲಹೆಗಳು ಬಂದಾಗ ಕಂಪನಿಗಳು ಪಾಲಿಸಿದವೇ ಇಲ್ಲವೇ ಎಂಬ ಪಟ್ಟಿ ಪ್ರತಿ ವರ್ಷ ಸಂಸತ್ತಿನ ಮುಂದೆ ಬರಬೇಕು. ನಿಂತ ವಿಮಾನದ ಪ್ರಯಾಣಿಕನಿಗೆ ಬದಲಿ ಸೀಟು ಕೊಡುವ ಹೊಣೆ ಕಂಪನಿಯದು ಎಂದು ಕಾನೂನಿನಲ್ಲಿ ಬರೆಯಬೇಕು. ಗೋಖಲೆ ವರದಿಯ ಒಂದೊಂದು ಶಿಫಾರಸು ಬಜ್ಪೆಯಲ್ಲಿ ಏನಾಯಿತು ಎಂಬ ಉತ್ತರ ಪ್ರತಿ ಮೇ 22ರ ಮೊದಲು ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚಾಗಿ ಈ ಕರಾವಳಿಯ ಜನರ ಕೈಗೆ ಬರಬೇಕು. ಈ ವಾರವೇ ನಿಮ್ಮ ಸಂಸದರಿಗೆ ಬರೆಯಿರಿ, ಉತ್ತರ ಬರುವ ತನಕ ಬರೆಯುತ್ತಲೇ ಇರಿ.