ಅಮ್ಮನ ಶುಗರ್‌ಗೆ ಮನೆಯವರ ಮದ್ದು



ವಾಳೆಯ ಕೂಟದಲ್ಲಿ ಪ್ರಾರ್ಥನೆ ಮುಗಿದು ಚಾ ಬರುವಾಗ ಸ್ವಲ್ಪ ಗಮನಿಸಿ. ಸಕ್ಕರೆ ಇಲ್ಲದ ಚಾ ಕೇಳುವವರು ನಮ್ಮಲ್ಲಿ ಈಗ ಒಬ್ಬಿಬ್ಬರಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ನಮ್ಮ ಕಾಸರಗೋಡು ಸೇರಿರುವ ಕೇರಳದಲ್ಲಂತೂ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ. ಹಾಗಾದರೆ ನಮ್ಮ ಬಹುತೇಕ ಮನೆಗಳಲ್ಲಿ ಅಮ್ಮನಿಗೋ ಅಜ್ಜಿಗೋ ಚಿಕ್ಕಮ್ಮನಿಗೋ ಶುಗರ್ ಇದ್ದೇ ಇದೆ.

ಅಪ್ಪನಿಗೆ ಶುಗರ್ ಎಂದು ಗೊತ್ತಾದ ದಿನ ನಮ್ಮ ಅಡುಗೆಮನೆಯೇ ಬದಲಾಗುತ್ತದೆ. ಅನ್ನ ಕಡಿಮೆಯಾಗಿ ತರಕಾರಿ ಹೆಚ್ಚಾಗುತ್ತದೆ, ಮಾತ್ರೆ ನೀರಿನೊಂದಿಗೆ ಮೇಜಿಗೆ ಬರುತ್ತದೆ. ಅಮ್ಮನಿಗೆ ಶುಗರ್ ಬಂದರೆ ಏನಾಗುತ್ತದೆ? ಎಲ್ಲರಿಗೂ ಮೊದಲಿನಂತೆಯೇ ಅಡುಗೆ. ತನಗೆ ಬೇರೆ ಮಾಡಿಕೊಳ್ಳಲು ಸಮಯವಿಲ್ಲದ ಅಮ್ಮ, ಎಲ್ಲರೂ ಉಂಡ ಮೇಲೆ ಉಳಿದ ಗಂಜಿಯನ್ನೋ ಬೆಳಗ್ಗಿನ ಸಣ್ಣವನ್ನೋ ತಿಂದು ಮುಗಿಸುತ್ತಾರೆ. ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಲು ಹೇಳಿರುತ್ತಾರೆ. ಆ ಅರ್ಧ ಗಂಟೆಯನ್ನು ಅವರಿಗೆ ಬಿಟ್ಟುಕೊಡುವವರು ಮನೆಯಲ್ಲಿ ಯಾರೂ ಇರುವುದಿಲ್ಲ.

ಕೊನೆಗೆ ಊಟ ಮಾಡುವುದನ್ನು ನಾವು ಅಮ್ಮನ ತ್ಯಾಗ ಎಂದು ಹೊಗಳುತ್ತೇವೆ. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡವರು ಊಟ ತಡ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ, ಸುಮ್ಮನೆ ಸಿಟ್ಟು ಬರುತ್ತದೆ. ಅಮ್ಮನ ಆ ಸಿಟ್ಟನ್ನು ಸ್ವಭಾವ ಎಂದು ತಳ್ಳಿಬಿಡುವ ಮೊದಲು ಊಟವಾಯಿತೇ ಎಂದು ಕೇಳಬೇಕು. ಪ್ರಜ್ಞೆ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಷ್ಟನ್ನು ಪ್ರತಿ ಮನೆಯ ಯುವಕ ಯುವತಿಯರೂ ತಿಳಿದಿರಬೇಕು.

ಇನ್ನು ಕೆಲವು ಮನೆಗಳಲ್ಲಿ ಕಾಳಜಿ ಎಂದರೆ ಕಾವಲು. ಕ್ರಿಸ್ಮಸ್‌ಗೆ ಒಂದು ತುಂಡು ಕುಸ್ವಾರ್ ಬಾಯಿಗಿಟ್ಟರೂ ಹತ್ತು ಜನರ ಎದುರು ಗದರುವುದು, ರಿಪೋರ್ಟ್ ಬಂದಾಗ ಪರೀಕ್ಷೆಯಲ್ಲಿ ನಪಾಸಾದ ಮಗುವಿನಂತೆ ವಿಚಾರಿಸುವುದು. ಇದರಿಂದ ಶುಗರ್ ಇಳಿಯುವುದಿಲ್ಲ, ಅಮ್ಮ ಅಡಗಿ ತಿನ್ನಲು ಕಲಿಯುತ್ತಾರೆ, ರಿಪೋರ್ಟ್ ಬಚ್ಚಿಡುತ್ತಾರೆ. ಮಧುಮೇಹ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು ಎಂಬುದು ವೈದ್ಯರಿಗೆ ತಿಳಿದ ವಿಷಯ. ಮನೆಯವರೆಲ್ಲ ಅದೇ ಊಟ ಮಾಡಿದರೆ ಗದರುವ ಪ್ರಮೇಯವೇ ಬರುವುದಿಲ್ಲ. ಆ ಊಟ ನಮಗೂ ಒಳ್ಳೆಯದೇ.

ಭಕ್ತಿಯ ಹೆಸರಿನಲ್ಲೂ ನಮ್ಮ ತಾಯಂದಿರು ದೇಹವನ್ನು ದಂಡಿಸುತ್ತಾರೆ. ತಪಸ್ಸು ಕಾಲದಲ್ಲಿ ಮಾತ್ರೆ ನುಂಗಿ ಉಪವಾಸ ಮಾಡುವವರಿದ್ದಾರೆ, ಬೆಳಗ್ಗಿನ ಪೂಜೆಗೆ ಖಾಲಿ ಹೊಟ್ಟೆಯಲ್ಲೇ ಬರುವವರಿದ್ದಾರೆ. ಧರ್ಮಸಭೆ ಇದನ್ನು ಕೇಳಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ವೃದ್ಧರಿಗೂ ಕಾಯಿಲೆಯವರಿಗೂ ಅವರ ಆರೈಕೆ ಮಾಡುವವರಿಗೂ ಧರ್ಮಸಭೆಯ ಕಾನೂನಿನ 919ನೇ ವಿಧಿ ವಿನಾಯಿತಿ ಕೊಟ್ಟಿದೆ. ಇದನ್ನು ಗುರುಗಳು ಪೀಠದಿಂದ ವರ್ಷಕ್ಕೊಮ್ಮೆಯಾದರೂ ಹೇಳಬೇಕೆಂಬುದು ನಮ್ಮ ವಿನಂತಿ.

ಗಡಿನಾಡಿನ ನಮಗೆ ಇನ್ನೊಂದು ಹೊಣೆಯೂ ಇದೆ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಿಗುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಮ್ಮಂದಿರು ಅದನ್ನು ಮಡಚಿ ಬೈಬಲಿನೊಳಗೆ ಇಡುತ್ತಾರೆ. ಮಲಯಾಳ ಓದಲು ಬರುವ ನಾವು ಅದನ್ನು ಓದಿ ಹೇಳಬಹುದು, ಯಾವ ಮಾತ್ರೆ ಯಾವಾಗ ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ತಪಾಸಣೆಯ ದಿನ ಜೊತೆಗೆ ಹೋಗಬಹುದು.

ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದ ಪ್ರಸಂಗವನ್ನು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಗುಣವಾದ ಕೂಡಲೇ ಆಕೆ ಎದ್ದು ಉಪಚರಿಸಿದ್ದನ್ನೇ ನಾವು ಹೆಚ್ಚಾಗಿ ನೆನೆಯುತ್ತೇವೆ. ಅದಕ್ಕೂ ಮೊದಲು ಎರಡು ಸಂಗತಿ ನಡೆದಿವೆ. ಅವರು ಆಕೆಯ ವಿಷಯವನ್ನು ಯೇಸುವಿಗೆ ತಿಳಿಸಿದರು. ಯೇಸು ಹತ್ತಿರ ಹೋಗಿ ಕೈಹಿಡಿದು ಎಬ್ಬಿಸಿದರು. ಸೇವೆಯ ಮೊದಲು ಆರೈಕೆ ಬಂತು. ನಮ್ಮ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಅಮ್ಮಂದಿರು ತಾವಾಗಿ ಏನನ್ನೂ ಕೇಳುವುದಿಲ್ಲ ಎಂಬುದು ನಿಜ. ಕೇಳದವರಿಗೂ ಕೊಡುವುದನ್ನು ನಾವು ಅವರಿಂದಲೇ ಕಲಿತಿದ್ದೇವಲ್ಲ. ಇಂದು ರಾತ್ರಿ ಜಪಸರ ಮುಗಿದ ಮೇಲೆ ತಟ್ಟೆಗಳನ್ನು ನಾವೇ ಇಡೋಣ, ಮೊದಲು ಅಮ್ಮನಿಗೆ ಬಡಿಸೋಣ. ಪಾತ್ರೆ ತೊಳೆಯುವ ಕೆಲಸ ನಮಗಿರಲಿ, ಆ ಅರ್ಧ ಗಂಟೆ ಅವರು ಅಂಗಳದಲ್ಲಿ ನಡೆಯಲಿ.