ಯಂತ್ರದ ತಾಯಿಯೂ ಬಿಟ್ಟಿಯ ತಾಯಿಯೂ

ತಂದೆತಾಯಿಗಳ ಬದಲು ಯಂತ್ರಮಾನವರೇ ಮಕ್ಕಳನ್ನು ಸಾಕಿ ಸಲಹುವ ಕಾಲ ಬರಲಿದೆಯಂತೆ! ವಿಜ್ಞಾನದ ಕಥೆಗಾರರು ಇದನ್ನು ಹೇಳತೊಡಗಿ ಎಂಬತ್ತು ವರ್ಷಕ್ಕೆ ಮೇಲಾಯಿತು. 1940ರಲ್ಲಿ ಪ್ರಕಟವಾದ ಐಸಾಕ್ ಅಸಿಮೋವರ ‘ರಾಬಿ’ ಕಥೆಯಲ್ಲಿ ಗ್ಲೋರಿಯಾ ಎಂಬ ಹುಡುಗಿಗೆ ಲೋಹದ ಆಳೇ ದಾದಿ. ತಾಯಿಗೆ ಅದು ಬೇಡವಾಗುತ್ತದೆ. ಮನೆಯಿಂದ ಸಾಗಹಾಕಿದರೆ ಮಗು ಕೊರಗುತ್ತದೆ. 1950ರಲ್ಲಿ ರೇ ಬ್ರಾಡ್‌ಬರಿ ಬರೆದ ಕಥೆಯಲ್ಲಿ ಮನೆಯೇ ಮಕ್ಕಳನ್ನು ಸಾಕುತ್ತದೆ. ಕಡೆಗೆ ಆಟದ ಕೋಣೆಯ ಗೋಡೆಯಲ್ಲಿ ಮೂಡಿದ ಸಿಂಹಗಳಿಗೆ ಹೆತ್ತವರೇ ಆಹುತಿ. ಈಗ ಮಾತನಾಡುವ ಯಂತ್ರಗಳು ಬಂದಿವೆ. ಯಂತ್ರಕ್ಕೆ ಮಮತೆ ಉಂಟೇ ಎಂದು ಪಟ್ಟಣದ ಪಂಡಿತರು ಚರ್ಚೆಗೆ ಕುಳಿತಿದ್ದಾರೆ.

ಕಥೆಗಳ ಮೇಲೆ ನಮಗೆ ಜಗಳವಿಲ್ಲ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ದುಡಿಯುವ ಹೆಂಗಸರ ಪರವಾಗಿ ನಾವು ಬೇರೊಂದು ಪ್ರಶ್ನೆ ಕೇಳುತ್ತೇವೆ: ತಾಯಿಯನ್ನು ಮಗುವಿನ ಬಳಿಯಿಂದ ಎಬ್ಬಿಸಿಕೊಂಡು ಹೋದವರು ಯಾರು?

ಕೊಳ್ಳೇಗಾಲದಲ್ಲಿ, ಮಾಂಬಳ್ಳಿಯಲ್ಲಿ ರೇಷ್ಮೆ ನೂಲು ಬಿಚ್ಚುವವಳ ಕೈ ಬಿಸಿನೀರಿನ ಗೂಡಿನಲ್ಲಿರುತ್ತದೆ. ಅವಳ ಕೂಸು ಎಲ್ಲಿ? ಹನೂರಿನ ಮಳೆ ನೆಚ್ಚಿದ ಹೊಲ ಕೈಕೊಟ್ಟಾಗ ಗುಳೆ ಹೋಗುವವಳ ಕೂಸು ಎಲ್ಲಿ? ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಸೋಲಿಗರ ಹೆಣ್ಣುಮಗಳ ಕೂಸು ಎಲ್ಲಿ? ಅಜ್ಜಿಯ ಮಡಿಲಲ್ಲಿ, ಅಕ್ಕನ ಕಂಕುಳಲ್ಲಿ. ಅಕ್ಕ ಶಾಲೆ ಬಿಟ್ಟಿರುತ್ತಾಳೆ. ಯಾರೂ ಇಲ್ಲದಿದ್ದರೆ ಕೈಗೆ ಒಂದು ಮೊಬೈಲು. ಕಥೆಗಾರರ ಯಂತ್ರದಾದಿ ನಮ್ಮ ಗುಡಿಸಲಿಗೆ ಆಗಲೇ ಬಂದಾಯಿತು! ಅದಕ್ಕೆ ಮಗುವಿನ ಮೂಗು ಒರೆಸಲು ಬಾರದು, ಅಷ್ಟೆ.

ಒಂದು ವರ್ಷ ತುಂಬದ ಕೂಸಿಗೆ ಪರದೆ ತೋರಿಸಲೇಬೇಡಿ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮಾತು ಸರಿಯೇ. ಆದರೆ ಅದನ್ನು ಹಿಡಿದು ಕೂಲಿಯ ತಾಯಿಗೆ ಬೋಧಿಸಲು ಬರುವ ಮಹನೀಯರೇ, ಮಗುವನ್ನು ನೋಡಿಕೊಳ್ಳಲು ರಜೆ ಹಾಕಿದ ದಿನದ ಕೂಲಿಯನ್ನು ನೀವು ಕೊಡುವಿರಾ?

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಗೃಹ ಇರಲೇಬೇಕೆಂದಿತು; 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಹತ್ತು ಹನ್ನೆರಡು ಹೆಂಗಸರು ದುಡಿಯುವ ಶೆಡ್ಡಿಗೆ ಆ ಲೆಕ್ಕ ತಾಗುವುದೇ ಇಲ್ಲ. ತಾಯಂದಿರು ಕಡಮೆಯಾದರೆ ಕೂಸಿನ ಹಸಿವೂ ಕಡಮೆಯಾಗುವುದೇನು?

ಅಂಗನವಾಡಿ ಇದೆಯಲ್ಲ ಎನ್ನುವಿರಿ. ಇದೆ. ಕರ್ನಾಟಕದಲ್ಲಿ ಅದು ಮೊದಲು ಹುಟ್ಟಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ನೆರೆಯ ತಿ. ನರಸೀಪುರದಲ್ಲಿ, 100 ಕೇಂದ್ರಗಳೊಡನೆ. ಆದರೆ ಅಲ್ಲಿ ಕೂರಿಸಿಕೊಂಡು ಆಟಪಾಠ ಹೇಳಿಕೊಡುವುದು ಮೂರು ತುಂಬಿದ ಮಕ್ಕಳಿಗೆ. ಅದಕ್ಕೂ ಚಿಕ್ಕ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಒಳ್ಳೆಯ ಹೆಜ್ಜೆ, ನಾವು ಒಪ್ಪುತ್ತೇವೆ. ಆದರೆ ಅದನ್ನು ಹೂಡಿದ್ದು ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗೆಂದು. ನೂಲು ಬಿಚ್ಚುವವಳ ಕೂಸು ಕೂಸಲ್ಲವೇ?

ಇನ್ನು ಆ ಮಕ್ಕಳನ್ನು ಸಾಕುವ ಕಾರ್ಯಕರ್ತೆಯ ಗತಿ ನೋಡಿ. ಅವಳಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’! ಹೆಸರಿನಲ್ಲಿ ಗೌರವ, ಕೈಯಲ್ಲಿ ಚಿಲ್ಲರೆ. ಗ್ರಾಚುಟಿಗೆ ಅವಳು ಅರ್ಹಳೆಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರ ಏಪ್ರಿಲಿನಲ್ಲಿ. 2021ರಿಂದ ಅವಳ ಕೈಗೂ ಯಂತ್ರ ಬಂತು: ಪೋಷಣ್ ಟ್ರ್ಯಾಕರ್. ಮಗುವನ್ನು ತೂಗಿ ಎತ್ತಿಕೊಳ್ಳುವ ಹೊತ್ತಿನಲ್ಲಿ ಅವಳು ಅಂಕಿ ತುಂಬುತ್ತ, ಸಿಗ್ನಲ್ಲಿಗಾಗಿ ಮೊಬೈಲು ಎತ್ತಿ ಹಿಡಿದು ನಿಲ್ಲಬೇಕು. ಯಂತ್ರವನ್ನು ತಾಯಿ ಮಾಡುವುದು ಹಾಗಿರಲಿ. ಇಲ್ಲಿ ತಾಯಿಯನ್ನೇ ಯಂತ್ರ ಮಾಡಿದ್ದಾರೆ.

ಓದುಗರು ಒಂದು ಮಾತು ನೆನಪಿಡಬೇಕು. ‘ರೋಬೋ’ ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್, 1920ರ ತನ್ನ ನಾಟಕದಲ್ಲಿ. ಅದರ ಮೂಲ ‘ರೊಬೋತ’. ಒಡೆಯನ ಹೊಲದಲ್ಲಿ ಒಕ್ಕಲು ಮಾಡಬೇಕಾಗಿದ್ದ ಬಿಟ್ಟಿ ದುಡಿಮೆ ಎಂದರ್ಥ. ಬಿಟ್ಟಿ ಎಂದರೇನೆಂದು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಹೆಂಗಸಿನ ಸಾಕಣೆಯ ದುಡಿಮೆಯನ್ನು ಬಿಟ್ಟಿ ಎಂದೇ ಎಣಿಸಿದ ಸಮಾಜಕ್ಕೆ ಮಾತ್ರ, ಆ ಜಾಗದಲ್ಲಿ ಯಂತ್ರ ನಿಲ್ಲಿಸುವ ಕನಸು ಬೀಳುತ್ತದೆ.

ಯಂತ್ರಕ್ಕೆ ನಾವು ವೈರಿಗಳಲ್ಲ. ಯಂತ್ರ ಬರಲಿ, ಬಿಸಿನೀರಿನಿಂದ ತಾಯಿಯ ಕೈ ಬಿಡಿಸಲಿ, ಅವಳ ದುಡಿಮೆಯ ಹೊತ್ತು ಇಳಿಸಲಿ, ಕೂಲಿ ಇಳಿಸದಿರಲಿ. ನಮ್ಮ ಬೇಡಿಕೆ ಮೂರೇ: ದುಡಿಯುವ ಪ್ರತಿಯೊಬ್ಬ ತಾಯಿಯ ಕೂಸಿಗೂ ‘ಕೂಸಿನ ಮನೆ’ಯ ಬಾಗಿಲು ತೆರೆಯಲಿ, ಅದು ಅವಳ ಕೆಲಸದ ಹೊತ್ತಿನುದ್ದಕ್ಕೂ ತೆರೆದಿರಲಿ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳಿಗೂ ಅಂಗನವಾಡಿಯವಳಿಗೂ ನೌಕರಳೆಂಬ ಹೆಸರು, ನ್ಯಾಯವಾದ ಸಂಬಳ ಸಿಗಲಿ.

ಯಂತ್ರಕ್ಕೆ ಮಮತೆ ಉಂಟೇ ಎಂಬ ಚರ್ಚೆ ಆಮೇಲಾಗಲಿ. ಸರ್ಕಾರಕ್ಕೆ ಉಂಟೇ ಎಂಬುದು ಮೊದಲು ತೀರ್ಮಾನವಾಗಲಿ.